ಎರಡು ಹೆಸರಿನ ಮಾತ್ರೆ

ಹೊಳೆನರಸೀಪುರ
12 ಜೂನ್ 2024

ಚಿ. ಮುರಳಿಗೆ,

ನಿನ್ನ ಕಾಗದವನ್ನು ಒಂದು ಇಡೀ ದಿನ ಓದದೆ ಪಕ್ಕಕ್ಕಿಟ್ಟಿದ್ದೆ. ಒಳಗೆಲ್ಲ ಅಚ್ಚಿನ ಅಕ್ಷರ, ಬ್ಯಾಂಕಿನವರದ್ದಿರಬೇಕು ಅಂದುಕೊಂಡೆ. ಮಹಡಿಯ ಮೇಲೆ ಬಾಡಿಗೆಗಿರುವ ಶಾಂತಿ ನೋಡಿ, ಇದು ನಿಮ್ಮ ತಮ್ಮ ಡಾಕ್ಟರು ಬರೆದದ್ದು ಎಂದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಕಿವಿ ಕೇಳದವಳಿಗೆ ಫೋನಿನಿಂದ ಏನು ಪ್ರಯೋಜನ ಎಂದು ಈ ಕಾಗದದ ರೂಢಿ ಶುರುಮಾಡಿದವನು ನೀನೇ. ಇಷ್ಟು ವರ್ಷ ನಿನ್ನ ಕೈಬರಹ ಕಂಡರೆ ನಿನ್ನ ದನಿ ಕೇಳಿದ ಹಾಗಾಗುತ್ತಿತ್ತು. ಅಚ್ಚಿನಲ್ಲಿ ಯಾರ ದನಿಯೂ ಇಲ್ಲ. ಎರಡು ಸಾಲು ಬರೆಯಲೂ ಬಿಡುವಿಲ್ಲವೇ?

ಯುಗಾದಿಗೆ ಬರಲಿಲ್ಲ. ಮಾವಿನಹಣ್ಣಿನ ಕಾಲವೂ ಮುಗಿಯುತ್ತ ಬಂತು. ಹಾಸನದಲ್ಲಿ ರೈಲು ಹತ್ತಿ ಒಂದು ಪೇಪರ್ ಓದಿ ಮುಗಿಸುವಷ್ಟರಲ್ಲಿ ನಮ್ಮೂರು ಬರುತ್ತದೆ. ಗಂಡನಿಗೆ ಬಿಡುವಿಲ್ಲದಿದ್ದರೆ ಹೆಂಡತಿಯಾದರೂ ಬರಲಿ, ಶರ್ವಾಣಿಯನ್ನು ಕಳಿಸು.

ಇನ್ನೊಂದು ವಿಷಯ. ಬಟ್ಟೆ ಅಂಗಡಿ ರಾಮಣ್ಣನಿಗೆ ಹರ್ನಿಯಾ. ಆಪರೇಷನ್ ಎಂದರೆ ಬಿಳಿಚಿಕೊಳ್ಳುತ್ತಾನೆ. ನಮ್ಮ ಮುರಳಿಯೇ ಮಾಡುತ್ತಾನೆ, ಅವನ ಕೈಗುಣ ಊರಿಗೇ ಗೊತ್ತು ಎಂದು ಧೈರ್ಯ ಹೇಳಿ ಕಳಿಸಿದ್ದೇನೆ. ಯಾವತ್ತು ಬರಲಿ ಎಂದು ತಿಳಿಸು.

ನನಗೆ ಬಿ.ಪಿ. ಸ್ವಲ್ಪ ಜಾಸ್ತಿಯಾಗಿತ್ತು. ಇಲ್ಲಿಯ ನಿಮ್ಮ ಆಸ್ಪತ್ರೆಯಲ್ಲೇ ತೋರಿಸಿಕೊಂಡೆ. ಶಾಂತಿ ಅಲ್ಲೇ ನರ್ಸ್ ಅಲ್ಲವೇ, ಅವಳೇ ಕರೆದುಕೊಂಡು ಹೋದಳು. ಡಾಕ್ಟರು ಚಿಕ್ಕವಯಸ್ಸಿನವರು, ಸಮಾಧಾನದವರು. ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅದರ ಯೋಚನೆ ನಿನಗೆ ಬೇಡ.

ಗೋದಕ್ಕ


ಹಾಸನ
21 ಜೂನ್ 2024

ಅಕ್ಕನಿಗೆ ನಮಸ್ಕಾರ.

ಅಚ್ಚಿನ ಅಕ್ಷರಕ್ಕೆ ಬೇಸರ ಮಾಡಿಕೊಳ್ಳಬೇಡ. ಈಗ ದಿನವೆಲ್ಲ ಕಂಪ್ಯೂಟರಿನ ಮುಂದೆಯೇ ನನ್ನ ಕೆಲಸ. ಅಲ್ಲೇ ಕಾಗದವನ್ನೂ ಬರೆದುಬಿಡುತ್ತೇನೆ.

ಟ್ರಸ್ಟಿನ ಕಾರ್ಯದರ್ಶಿ ಅಮರನಾಥ ಅವರು ನನಗೊಂದು ಹೊಸ ಜವಾಬ್ದಾರಿ ಕೊಟ್ಟಿದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆಯ ನಮ್ಮ ಆಸ್ಪತ್ರೆಗಳನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರಬೇಕು. ರೋಗಿ ಬಂದು ಚೀಟಿ ಮಾಡಿಸುವುದರಿಂದ ಹಿಡಿದು ರಕ್ತಪರೀಕ್ಷೆ, ಔಷಧಿ, ಬಿಲ್ಲಿನವರೆಗೆ ಎಲ್ಲವೂ ಅದರಲ್ಲೇ. ಆ ವಿಭಾಗಕ್ಕೆ ನಾನು ಮುಖ್ಯಸ್ಥ. ಕೋಣೆ ಮಾತ್ರ ಜನರೇಟರಿನ ಪಕ್ಕದಲ್ಲಿದೆ. ಕರೆಂಟು ಹೋದಾಗಲೆಲ್ಲ ಮೇಜು ಗಡಗಡ ಎನ್ನುತ್ತದೆ.

ಚನ್ನರಾಯಪಟ್ಟಣದ ಯಶಸ್ವಿನಿ ಎಂಬ ಇಂಜಿನಿಯರ್ ಹುಡುಗಿ ನನಗೆ ಪಾಠ ಹೇಳುತ್ತಾಳೆ. ನಾನು ಒಂದು ಸಲ ಒತ್ತಿದರೆ ಆ ಯಂತ್ರ ಎರಡು ಸಲ ಎಂದು ತಿಳಿದು ಏನೇನೋ ತೆರೆದುಬಿಡುತ್ತದೆ. ಅವಳು ತಾಳ್ಮೆಯಿಂದ ಎಲ್ಲ ಮುಚ್ಚಿ ಮತ್ತೆ ಮೊದಲಿನಿಂದ ಹೇಳುತ್ತಾಳೆ. ಇಪ್ಪತ್ತೈದು ವರ್ಷ ಆಪರೇಷನ್ ಮಾಡಿದ ಸರ್ಜನ್ನಿಗೆ ಈ ಗತಿ.

ರಾಮಣ್ಣ ಬರಲಿ. ಆಪರೇಷನ್ನುಗಳನ್ನು ಈಗ ಚಿಕ್ಕವರಿಗೆ ಬಿಟ್ಟುಕೊಟ್ಟಿದ್ದೇನೆ. ನಮ್ಮಲ್ಲಿ ಒಳ್ಳೆಯ ಹುಡುಗ ಇದ್ದಾನೆ, ಅವನೇ ಮಾಡುತ್ತಾನೆ, ನಾನೂ ಜೊತೆಗಿರುತ್ತೇನೆ.

ಬಿಡುವಾದಾಗ ಖಂಡಿತ ಬರುತ್ತೇನೆ.

ಮುರಳಿ


ಹೊಳೆನರಸೀಪುರ
3 ಜುಲೈ 2024

ಚಿ. ಮುರಳಿಗೆ,

ನೀನು ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಜಾಸ್ತಿ ಎಂದು ನನಗೆ ಅನ್ನಿಸಿತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ಉತ್ತರ ಗೊತ್ತಿಲ್ಲದ ಹುಡುಗರು ಪ್ರಶ್ನೆಯ ಸುತ್ತ ಹೇಗೆ ಬರೆಯುತ್ತಾರೆಂದು ನನಗೆ ಗೊತ್ತು.

ನಿಜ ಹೇಳು. ಅಮರನಾಥರ ಜೊತೆ ಜಗಳ ಮಾಡಿಕೊಂಡೆಯಾ? ಅಥವಾ ಯಾವುದಾದರೂ ಆಪರೇಷನ್ನಿನಲ್ಲಿ ಹೆಚ್ಚುಕಡಿಮೆ ಆಯಿತೇ? ಒಳ್ಳೆಯ ಸರ್ಜನ್ನನ್ನು ಕರೆದುಕೊಂಡು ಹೋಗಿ ಜನರೇಟರ್ ಪಕ್ಕ ಕೂರಿಸುವುದು ಶಿಕ್ಷೆಯಲ್ಲದೆ ಮತ್ತೇನು? ನಿನಗೆ ಚಿಕ್ಕಂದಿನಿಂದಲೂ ಮೂಗಿನ ಮೇಲೆ ಕೋಪ. ತಪ್ಪು ನಿನ್ನದಾಗಿದ್ದರೆ ಹೋಗಿ ಒಂದು ಮಾತು ಹೇಳಿ ಸರಿಮಾಡಿಕೊ. ನಿನ್ನದಲ್ಲದಿದ್ದರೂ ಹೇಳು, ಮರ್ಯಾದೆಯೇನೂ ಸವೆದುಹೋಗುವುದಿಲ್ಲ.

ಇಲ್ಲಿ ಎಲ್ಲರಿಗೂ ನಿನಗೆ ಬಡ್ತಿ ಸಿಕ್ಕಿದೆ ಎಂದು ಹೇಳಿದ್ದೇನೆ. ರಾಮಣ್ಣ ಹಾಗಾದರೆ ಆಪರೇಷನ್ನೇ ಬೇಡ ಎಂದು ಕೂತಿದ್ದ. ಅವನ ಹೆಂಡತಿ ಗದರಿಸಿ ಹೊರಡಿಸುತ್ತಿದ್ದಾಳೆ.

ನನಗೆ ಈಚೆಗೆ ಒಂದೆರಡು ಸಲ ತಲೆ ತಿರುಗಿತು. ಪಿತ್ತ. ಜೀರಿಗೆ ಕಷಾಯ ಕುಡಿದೆ, ಹೋಯಿತು.

ಗೋದಕ್ಕ


ಅರಕಲಗೂಡು
30 ಜುಲೈ 2024

ಅಕ್ಕನಿಗೆ,

ಇಲ್ಲಿಗೆ ಬಂದು ವಾರವಾಯಿತು. ಲಾಡ್ಜಿನಲ್ಲಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಜಗಳ ಆಗಿಲ್ಲ, ಅಷ್ಟು ನಂಬು. ರಾಮಣ್ಣನ ಆಪರೇಷನ್ ಸಲೀಸಾಗಿ ಆಯಿತು.

ಇಲ್ಲಿ ಹೊಸ ವ್ಯವಸ್ಥೆ ಶುರುವಾದ ಮೊದಲ ದಿನ ಚೀಟಿ ಮಾಡಿಸುವ ಸಾಲು ಗೇಟಿನವರೆಗೆ ಹೋಯಿತು. ಮುಂಚೆ ಹೆಸರು, ವಯಸ್ಸು ಗೀಚಿ ಕೊಡುತ್ತಿದ್ದರು. ಈಗ ಊರು, ತಂದೆ ಹೆಸರು, ಫೋನ್ ನಂಬರು ಎಲ್ಲ ಕೇಳಬೇಕು. ಜನ ನನ್ನನ್ನೇ ಬೈದರು. ನರ್ಸುಗಳು ಬಾಯಲ್ಲಿ ಬೈಯಲಿಲ್ಲ, ಮುಖದಲ್ಲಿ ಬೈದರು. ಎರಡನೆಯ ದಿನ ನಾನೇ ಕೌಂಟರಿನಲ್ಲಿ ಕೂತೆ. ಕೂತು ನೋಡಿದ ಮೇಲೆ ಯಾವ ಪ್ರಶ್ನೆ ಅಲ್ಲಿ ಬೇಡ, ಯಾವುದನ್ನು ನಿಧಾನವಾಗಿ ಆಮೇಲೆ ಕೇಳಬಹುದು ಎಂದು ತಿಳಿಯಿತು. ಯಶಸ್ವಿನಿ ಅವನ್ನೆಲ್ಲ ತೆಗೆದಳು. ಈಗ ಸಾಲು ಒಳಗೇ ಮುಗಿಯುತ್ತದೆ.

ನಿನ್ನೆ ಬೋರಪ್ಪ ಎಂಬ ಹಿರಿಯ ರೈತರೊಬ್ಬರು ಔಷಧಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದವರು ವಾಪಸ್ ಬಂದರು. ಚೀಟಿಯೆಲ್ಲ ಇಂಗ್ಲಿಷಿನಲ್ಲಿ. "ಸಾ, ಇದ್ರಲ್ಲಿ ಬೆಳಿಗ್ಗೆದ್ಯಾವ್ದು, ರಾತ್ರೆದ್ಯಾವ್ದು? ಅಂಗ್ಡಿಯೋರು ಯೋಳುದ್ರು, ಬಸ್ ಅತ್ತೋವಷ್ಟ್ರಲ್ಲಿ ಮರ್ತೋಯ್ತು" ಎಂದರು. ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹೊಡೆದು ಕೊಟ್ಟೆ. ಅವರು ಅಲ್ಲೇ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಅವರ ಹಿಂದಿದ್ದವರೂ ತಮಗೂ ಅಂಥದೇ ಬೇಕು ಎಂದರು.

ಸಂಜೆ ಊಟ ಮಾಡುವಾಗ, ಇವತ್ತು ಹಸಿವಾಗಿದೆ ಅನ್ನಿಸಿತು. ಬಹಳ ದಿನದ ಮೇಲೆ.

ಮುರಳಿ


ಹೊಳೆನರಸೀಪುರ
9 ಸೆಪ್ಟೆಂಬರ್ 2024

ಚಿ. ಮುರಳಿಗೆ,

ಇದನ್ನು ಶಾಂತಿಯ ಕೈಯಲ್ಲಿ ಬರೆಸುತ್ತಿದ್ದೇನೆ. ಗೌರಿ ಹಬ್ಬಕ್ಕೆ ನೀನು ಕಳಿಸಿದ ಸೀರೆ ಬಂತು. ಬಣ್ಣ ಶರ್ವಾಣಿ ಆರಿಸಿದ್ದು ಎಂದು ನೋಡಿದರೇ ಗೊತ್ತಾಗುತ್ತದೆ, ನಿನಗೆ ಅಷ್ಟು ತಿಳಿಯದು. ಕಡುಬಿನ ಹಿಟ್ಟು ಕಲಸುವಾಗ ಬಲಗೈ ಮಣಿಕಟ್ಟು ಸ್ವಲ್ಪ ಉಳುಕಿದೆ. ಪಟ್ಟಿ ಹಾಕಿದ್ದಾರೆ. ನೀನು ಕೆಲಸ ಬಿಟ್ಟು ಓಡಿ ಬರುವ ಅಗತ್ಯವಿಲ್ಲ.

ಬೋರಪ್ಪನವರ ಸುದ್ದಿ ಓದಿ ಸಂತೋಷವಾಯಿತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ.

ಗೋದಕ್ಕ

ಸರ್, ನಮಸ್ಕಾರ. ಇದು ಶಾಂತಿ ಬರೆಯುತ್ತಿರುವುದು. ಪೋಸ್ಟಿಗೆ ಹಾಕುವ ಮುಂಚೆ ಸೇರಿಸುತ್ತಿದ್ದೇನೆ. ನಿಮಗೆ ಫೋನ್ ಮಾಡಬಾರದು ಎಂದು ಅಮ್ಮ ಆಣೆ ಹಾಕಿಸಿದ್ದಾರೆ, ಬರೆಯಬಾರದು ಎಂದಿಲ್ಲ. ಮಣಿಕಟ್ಟು ಉಳುಕಿದ್ದಲ್ಲ, ಮೂಳೆ ಬಿರುಕು ಬಿಟ್ಟಿದೆ. ಹಬ್ಬದ ಹಿಂದಿನ ದಿನ ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದರು. ಆಮೇಲೆ ನಾನು ಮಾತ್ರೆ ಡಬ್ಬಿ ನೋಡಿದೆ. ಹೋದ ವರ್ಷ ಹಾಸನದಲ್ಲಿ ಬರೆದುಕೊಟ್ಟ ಬಿ.ಪಿ. ಮಾತ್ರೆಯೂ ಇಲ್ಲಿ ಕೊಟ್ಟದ್ದೂ ಒಂದೇ ಔಷಧಿ. ಕಂಪನಿ ಬೇರೆ, ಹೆಸರು ಬೇರೆ. ಹಳೆಯದನ್ನು ಮುಂದುವರಿಸಿದ್ದಾರೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಮ್ಮ ಎರಡನ್ನೂ ತಗೊಳ್ಳುತ್ತಿದ್ದರು. ಈಗ ಒಂದನ್ನು ನಿಲ್ಲಿಸಿದ್ದಾರೆ. ಅಪಾಯವಿಲ್ಲ. ಆದರೂ ನೀವು ಬಂದರೆ ಒಳ್ಳೆಯದು ಸರ್.


ಹಾಸನ
20 ಸೆಪ್ಟೆಂಬರ್ 2024

ಅಕ್ಕನಿಗೆ,

ಕೈಯಲ್ಲೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಶಾಂತಿಯನ್ನು ಕೇಳಬೇಡ, ನೀನೇ ನಿಧಾನವಾಗಿ ಓದು.

ಶನಿವಾರ ನಿನ್ನ ಮನೆಯಲ್ಲಿ ಕಾಫಿ ಲೋಟ ಎತ್ತಿದಾಗ ನೀನು ನೋಡಿದೆ. ಅರ್ಧ ಕಾಫಿ ಅಂಗಿಯ ಮೇಲೆ ಚೆಲ್ಲಿತು. ನೀನು ಎಡಗೈಯಲ್ಲಿ ಬಟ್ಟೆ ತಂದು ಒರೆಸಿದೆ. ಆಗಲೇ ಹೇಳೋಣ ಎಂದು ಬಾಯಿ ತೆರೆದೆ. ಆದರೆ ನಿನಗೆ ಕೇಳಿಸಬೇಕಾದರೆ ಕೂಗಬೇಕು. ಜಗಲಿಯಲ್ಲಿ ರಾಮಣ್ಣ ಕೂತಿದ್ದ, ಮೆಟ್ಟಿಲ ಹತ್ತಿರ ಶಾಂತಿ ನಿಂತಿದ್ದಳು. ಈ ಒಂದು ವಿಷಯವನ್ನು ಕೂಗಿ ಹೇಳುವುದು ನನ್ನಿಂದ ಆಗಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಕೈನಡುಕ ಶುರುವಾಯಿತು. ನರರೋಗದ ಡಾಕ್ಟರಿಗೆ ತೋರಿಸಿದ್ದೇನೆ. ಜೀವಕ್ಕೆ ಅಪಾಯದ ಕಾಯಿಲೆಯಲ್ಲ, ಔಷಧಿಯಿಂದ ಕಡಿಮೆಯೂ ಆಗುತ್ತದೆ, ಆದರೆ ಚಾಕು ಹಿಡಿಯುವಷ್ಟು ಅಲ್ಲ. ಫೆಬ್ರವರಿಯಲ್ಲಿ ಒಂದು ಆಪರೇಷನ್ ಮುಗಿಸಿ ದಾರದ ಗಂಟು ಹಾಕುತ್ತಿದ್ದೆ. ಗಂಟು ಬೀಳಲಿಲ್ಲ. ಜೊತೆಗಿದ್ದ ಹುಡುಗ ಡಾಕ್ಟರು ನನ್ನ ಬೆರಳಿನಿಂದ ದಾರ ತೆಗೆದುಕೊಂಡು ತಾನೇ ಹಾಕಿದ. ರೋಗಿಗೆ ಏನೂ ಆಗಲಿಲ್ಲ, ಚೆನ್ನಾಗಿ ಮನೆಗೆ ಹೋದರು. ಮಾರನೆಯ ಬೆಳಿಗ್ಗೆ ನಾನೇ ಅಮರನಾಥರ ಬಳಿ ಹೋಗಿ ಇನ್ನು ಥಿಯೇಟರಿಗೆ ಹೋಗುವುದಿಲ್ಲ ಎಂದೆ. ಯಾರೂ ನನ್ನನ್ನು ಶಿಕ್ಷಿಸಲಿಲ್ಲ. ಕಂಪ್ಯೂಟರಿನ ಕೆಲಸ ನನ್ನನ್ನು ಮನೆಗೆ ಕಳಿಸಬಾರದೆಂದು ಅವರು ಹುಡುಕಿ ಕೊಟ್ಟದ್ದು.

ನಿನ್ನ ಮುಂದೆ ಬಂದರೆ ಕೈ ಕಾಣುತ್ತದೆ, ಬರೆದರೆ ಅಕ್ಷರ ಕಾಣುತ್ತದೆ. ಅದಕ್ಕೇ ಎರಡನ್ನೂ ಬಿಟ್ಟಿದ್ದೆ. ನೀನು ಜೂನಿನಲ್ಲೇ ಮಾತ್ರೆಯ ಸುದ್ದಿ ಬರೆದಿದ್ದೆ. ಹಳೆಯದರ ಕಥೆ ಏನಾಯಿತು ಎಂದು ಕೇಳಬೇಕಿತ್ತು. ನನ್ನ ಕೈಯ ಚಿಂತೆಯಲ್ಲಿ ಆ ಸಾಲು ಓದಿ ಮುಂದಕ್ಕೆ ಹೋದೆ.

ಮುರಳಿ


ಹೊಳೆನರಸೀಪುರ
4 ಅಕ್ಟೋಬರ್ 2024

ಮುರಳಿ,

ಎಡಗೈಯಲ್ಲಿ ಬರೆದಿದ್ದೇನೆ. ನಿನ್ನದನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟರೆ ಒಂದನೇ ತರಗತಿಯ ಮಕ್ಕಳು ನಗುತ್ತಾರೆ.

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಅನ್ನಕ್ಕಿಟ್ಟೆ. ಅಮ್ಮ ಹೋದಾಗ ನೀನು ಚಿಕ್ಕವನು, ನನ್ನ ಸೆರಗು ಬಿಡುತ್ತಿರಲಿಲ್ಲ. ಈಗ ಇಷ್ಟು ದೊಡ್ಡದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದೀಯ. ನಾನು ನೋಡಿದರೆ ಜಗಳಗಂಟ ಎಂದು ಬೈದು ಬರೆದೆ.

ಅವತ್ತು ಬಂದಾಗ ನೀನು, ಬಿದ್ದೆಯಾ ಅಕ್ಕ ಎಂದು ಕೇಳಿದ್ದಕ್ಕೆ ಇಲ್ಲ ಎಂದು ಹಟ ಹಿಡಿದೆನಲ್ಲ, ಅದು ಸುಳ್ಳು. ಬಿದ್ದೆ.

ಈಗ ಒಂದು ಮಾತು ಕೇಳುತ್ತೇನೆ. ಹಾಸನದಲ್ಲಿ ಬರೆದದ್ದು ಇಲ್ಲಿಯ ಡಾಕ್ಟರಿಗೆ ಕಾಣಲಿಲ್ಲ. ಎರಡೂ ನಿಮ್ಮದೇ ಆಸ್ಪತ್ರೆ. ಪಾಪ ಅವರು ಕೇಳಿದ್ದರೇನೋ, ನನಗೆ ಕೇಳಿಸಿರಲಿಕ್ಕಿಲ್ಲ, ಸುಮ್ಮನೆ ತಲೆಯಾಡಿಸಿರುತ್ತೇನೆ. ನನ್ನಂಥವರು ಎಷ್ಟು ಜನ ಇರಬಹುದು? ನಾಲ್ಕನ್ನೂ ಒಂದು ಮಾಡುವುದೇ ನಿನ್ನ ಕೆಲಸ ಎಂದೆಯಲ್ಲ. ಬಿಲ್ಲು ಒಂದಾಗುವುದು ದೊಡ್ಡದಲ್ಲ. ಇದನ್ನು ಮಾಡು.

ಗೋದಕ್ಕ


ಹಾಸನ
16 ಡಿಸೆಂಬರ್ 2024

ಅಕ್ಕನಿಗೆ,

ಭಾನುವಾರಗಳಂದು ಬಂದಾಗ ಹೇಳಲು ಆಗದಷ್ಟು ಉದ್ದದ ಸುದ್ದಿ, ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ನಾಲ್ಕೂ ಆಸ್ಪತ್ರೆಯ ಡಾಕ್ಟರುಗಳ ಸಭೆ ಆಯಿತು. ಒಂದೇ ಔಷಧಿಯನ್ನು ಬೇರೆ ಹೆಸರಿನಲ್ಲಿ ಎರಡನೇ ಸಲ ಬರೆದರೆ ಕಂಪ್ಯೂಟರ್ ತಡೆದು ತೋರಿಸಬೇಕು ಎಂದೆ. ಯಾರಿಗೂ ಇಷ್ಟವಾಗಲಿಲ್ಲ. ಹಿರಿಯರೊಬ್ಬರು, ಈಗಲೇ ಆ ಯಂತ್ರ ಪ್ರತಿಯೊಂದಕ್ಕೂ ಎಚ್ಚರಿಕೆ ಎಚ್ಚರಿಕೆ ಎಂದು ಕೆಂಪು ಬರೆಯುತ್ತದೆ, ನಾವು ನೋಡದೆಯೇ ಒತ್ತಿ ಮುಂದೆ ಹೋಗುತ್ತೇವೆ ಎಂದರು. ಅಮರನಾಥರು, ಮೊದಲು ಬಿಲ್ಲಿನ ಕೆಲಸ ಮುಗಿಯಲಿ, ಇದು ಮುಂದಿನ ವರ್ಷ ನೋಡೋಣ ಎಂದರು.

ನಾನು ನಿನ್ನ ಡಬ್ಬಿಯಿಂದ ತಂದ ಎರಡು ಮಾತ್ರೆ ಪಟ್ಟಿಗಳನ್ನು ಮೇಜಿನ ಮೇಲಿಟ್ಟೆ. ಇವನ್ನು ನಮ್ಮ ಅಕ್ಕ ನುಂಗಿದರು, ಬಿದ್ದು ಕೈ ಮುರಿದುಕೊಂಡರು, ಎರಡನ್ನೂ ಬರೆದದ್ದು ನಾವೇ ಎಂದೆ. ಹೇಳುವಾಗ ಕೈ ಚೆನ್ನಾಗಿ ನಡುಗುತ್ತಿತ್ತು. ಮುಚ್ಚಿಡಲಿಲ್ಲ. ಸಭೆಯಲ್ಲಿ ನಿಮ್ಮೂರಿನ ಆ ಚಿಕ್ಕ ಡಾಕ್ಟರೂ ಇದ್ದರು. ಅವರು ಎದ್ದು, "ಬರೆದವನು ನಾನು ಸರ್. ನನಗೆ ಇದು ಬೇಕು" ಎಂದರು.

ಆಮೇಲೆ ದಾರಿ ಸಿಕ್ಕಿತು. ಹಿರಿಯರು ಹೇಳಿದ್ದೂ ಸರಿಯೇ. ಎಲ್ಲಕ್ಕೂ ಕೂಗುವ ಯಂತ್ರದ ಮಾತನ್ನು ಯಾರೂ ಕೇಳುವುದಿಲ್ಲ. ಬೇಡದ ಎಚ್ಚರಿಕೆಗಳನ್ನೆಲ್ಲ ಅವರ ಕೈಯಲ್ಲೇ ತೆಗೆಸಿದೆವು. ಈ ಒಂದನ್ನು ಮತ್ತು ನಿಜವಾಗಿ ಅಪಾಯದ ಕೆಲವನ್ನು ಇಟ್ಟುಕೊಂಡೆವು. ಚನ್ನರಾಯಪಟ್ಟಣದ ಔಷಧಿ ವಿಭಾಗದ ಸಿದ್ದೇಶನೂ ಯಶಸ್ವಿನಿಯೂ ಕೂತು ಯಾವ ಹೆಸರಿನ ಒಳಗೆ ಯಾವ ಔಷಧಿ ಇದೆ ಎಂದು ಒಂದೊಂದನ್ನೂ ಹೊಂದಿಸುತ್ತಿದ್ದಾರೆ. ನಾನು ಪಕ್ಕದಲ್ಲಿ ಕೂತು ಪರಿಶೀಲಿಸುತ್ತೇನೆ. ಬೇಸರದ ಕೆಲಸ ಎಂದುಕೊಂಡಿದ್ದೆ. ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬೋರಪ್ಪನವರಿಗೆ ಕೊಟ್ಟಂಥ ಕನ್ನಡ ಚೀಟಿಯನ್ನು ಎಲ್ಲರಿಗೂ ಕೊಡುವುದೆಂದು ತೀರ್ಮಾನವಾಗಿದೆ. ಈ ಕಾಗದದ ಜೊತೆ ಮಾದರಿ ಇಟ್ಟಿದ್ದೇನೆ. ನೋಡಿ ಹೇಳು.

ಮುರಳಿ


ಹೊಳೆನರಸೀಪುರ
5 ಜನವರಿ 2025

ಚಿ. ಮುರಳಿಗೆ,

ಬಲಗೈ ಸರಿಹೋಗಿದೆ. ಅದಕ್ಕೆ ಮೊದಲು ಕೊಟ್ಟ ಕೆಲಸ ನಿನ್ನ ಚೀಟಿ ತಿದ್ದುವುದು. ಕೆಂಪು ಶಾಯಿ ಜಾಸ್ತಿಯಾಯಿತು ಎಂದು ಯಶಸ್ವಿನಿ ಬೇಸರ ಮಾಡಿಕೊಳ್ಳದಿರಲಿ.

"ದಿನಕ್ಕೆರಡು ಬಾರಿ ಆಹಾರಾನಂತರ ಸೇವಿಸತಕ್ಕದ್ದು" ಎಂದು ಯಾರಪ್ಪ ಬರೆದವರು? ಇದು ಕನ್ನಡವೂ ಅಲ್ಲ, ಔಷಧಿಯೂ ಅಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು, ಎಂದು ಬರೆಯಿರಿ. ರಕ್ತದೊತ್ತಡ ಬೇಡ, ಎಲ್ಲರೂ ಬಿ.ಪಿ. ಎಂದೇ ಹೇಳುತ್ತಾರೆ. ಅಕ್ಷರ ಇನ್ನೂ ದಪ್ಪವಾಗಲಿ. ಹೂವು ಮಾರುವ ಗಿರಿಜಮ್ಮನ ಕೈಯಲ್ಲಿ ಓದಿಸಿ ನೋಡಿದೆ. ಅವಳು ತಡವರಿಸಿದ ಕಡೆಯೆಲ್ಲ ಗೆರೆ ಎಳೆದಿದ್ದೇನೆ.

ಕೊನೆಯಲ್ಲಿ ಒಂದು ಸಾಲು ನಾನೇ ಸೇರಿಸಿದ್ದೇನೆ: "ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನೂ ಮುಂದಿನ ಸಲ ತಂದು ತೋರಿಸಿ." ಅದನ್ನು ತೆಗೆಯಬೇಡಿ.

ಗೋದಕ್ಕ


ಹೊಳೆನರಸೀಪುರ
11 ಏಪ್ರಿಲ್ 2025

ಚಿ. ಮುರಳಿಗೆ,

ಯುಗಾದಿಗೆ ಬಂದು ಹೋದ ಮೇಲೆ ನಿನ್ನ ಪತ್ತೆಯಿಲ್ಲ. ನಮ್ಮೂರಿನ ಆಸ್ಪತ್ರೆಗೆ ನಿಮ್ಮ ವ್ಯವಸ್ಥೆ ಬರುವ ಗಡಿಬಿಡಿ ಎಂದು ಶರ್ವಾಣಿ ಬರೆದಿದ್ದಳು. ನೀನು ಬಂದರೆ ಎಲ್ಲರೂ ಎದ್ದು ನಿಂತು ಒಳ್ಳೆಯದನ್ನೇ ತೋರಿಸುತ್ತಾರೆ. ಆದ್ದರಿಂದ ನಿನಗೆ ಹೇಳದೆ ನಿನ್ನೆ ನಾನೇ ಹೋಗಿ ಸಾಲಿನಲ್ಲಿ ನಿಂತೆ.

ರಾಮಣ್ಣನೂ ಅಲ್ಲಿದ್ದ. ದೊಡ್ಡ ಹುದ್ದೆಗೆ ಹೋದ ಮೇಲೆ ಡಾಕ್ಟರು ಆಪರೇಷನ್ ಪೂರ್ತಿ ಬಿಟ್ಟರಾ ಎಂದು ಕಿವಿಯ ಹತ್ತಿರ ಬಂದು ಕೇಳಿದ. ಅವನಿಗೆ ಕೈನಡುಕ ಬಂದಿದೆ, ಅದಕ್ಕೇ ತಾನಾಗಿ ಬಿಟ್ಟ, ಬಡ್ತಿ ಎಂದದ್ದು ನನ್ನ ಕಟ್ಟುಕಥೆ ಎಂದೆ. ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ ನೋಡು, ಇಡೀ ಸಾಲಿಗೆ ಕೇಳಿಸಿತು. ರಾಮಣ್ಣ ತಲೆಯಾಡಿಸಿ, ಕೂತುಕೊಳ್ಳಲು ಜಾಗ ಮಾಡಿಕೊಟ್ಟ.

ನನಗಿಂತ ಮುಂಚೆ ಒಳಗೆ ಹೋದವಳು ದೊಡ್ಡಮ್ಮ ಎಂಬ ಹೆಂಗಸು. ಹಾಸನದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯ ನಿಮ್ಮ ಆಸ್ಪತ್ರೆಯಲ್ಲಿ ತೋರಿಸಿಕೊಂಡಿದ್ದಳಂತೆ. ಬಾಗಿಲು ತೆರೆದಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಹೊಡೆದರು, ಪರದೆ ಕೆಂಪಾಯಿತು. ಅವರು ಕೈ ತೆಗೆದರು, ಓದಿದರು, ಅವಳ ಚೀಲ ತೋರಿಸಿ ಏನೋ ಕೇಳಿದರು. ಅವಳು ಸೀರೆಯ ಗಂಟು ಬಿಚ್ಚಿ ಒಂದು ಮಾತ್ರೆ ಪಟ್ಟಿ ತೆಗೆದಳು. ಅಷ್ಟು ನಾನು ಕಣ್ಣಲ್ಲಿ ಕಂಡೆ. ಅವಳು ಹೇಳಿದ್ದನ್ನು ಶಾಂತಿ ಆಮೇಲೆ ಬರೆದು ತೋರಿಸಿದಳು: "ಎರಡೂ ಒಂದೆಯಾ ಸಾ? ನಂಗೆ ಎರಡು ಕಾಯ್ಲೆ ಐತೆ ಅಂದ್ಕಂಡಿದ್ದೆ."

ನನ್ನ ಸರದಿ ಬಂದಾಗ ಡಾಕ್ಟರು ತಾವು ಹೇಳುವುದನ್ನೆಲ್ಲ ಪರದೆಯ ಮೇಲೆ ದಪ್ಪಗೆ ಬರೆದು ನನ್ನ ಕಡೆ ತಿರುಗಿಸಿದರು. ಈ ಸಲ ಅರ್ಥವಾಗದೆ ತಲೆಯಾಡಿಸಲಿಲ್ಲ. ಬಿ.ಪಿ. ಸರಿಯಾಗಿದೆ.

ಸಾಲು ಮಾತ್ರ ಇನ್ನೂ ಉದ್ದ ಇದೆ. ಅದನ್ನು ನೋಡು.

ಗೋದಕ್ಕ


ಹಾಸನ
24 ಮೇ 2025

ಅಕ್ಕನಿಗೆ,

ನಿನ್ನ ಕಾಗದವನ್ನು ಯಶಸ್ವಿನಿಗೂ ಸಿದ್ದೇಶನಿಗೂ ಓದಿ ಹೇಳಿದೆ. ದೊಡ್ಡಮ್ಮನ ಮಾತು ಬಂದಾಗ ಸಿದ್ದೇಶ ಇನ್ನೊಮ್ಮೆ ಓದಿಸಿದ. ಸಾಲಿಗೆ ಎರಡನೇ ಕೌಂಟರು ಹಾಕಿಸಿದ್ದೇನೆ, ನೀನು ಮತ್ತೆ ಹೇಳದೆ ಹೋಗಿ ಪರೀಕ್ಷೆ ಮಾಡಬಹುದು.

ಗುರುವಾರ ನಮ್ಮಲ್ಲಿ ಹೊಸ ಆಪರೇಷನ್ ಥಿಯೇಟರಿನ ಉದ್ಘಾಟನೆ ಇತ್ತು. ಹಳೆಯ ಸರ್ಜನ್ ಎಂದು ದೀಪ ಹಚ್ಚಲು ನನ್ನನ್ನೂ ಕರೆದಿದ್ದರು. ಎರಡು ದಿನದಿಂದ ಹೋಗುವುದೋ ಬೇಡವೋ ಎಂದು ಒದ್ದಾಡಿದ್ದೆ. ಹೋದೆ. ಆಪರೇಷನ್ ಮೇಜು, ಅದರ ಮೇಲಿನ ದೊಡ್ಡ ಲೈಟು, ಹೊಸ ಉಪಕರಣ ಎಲ್ಲ ನೋಡಿದೆ. ಅವತ್ತು ನನ್ನ ಬೆರಳಿನಿಂದ ದಾರ ತೆಗೆದುಕೊಂಡ ಹುಡುಗನೇ ಈಗ ಅಲ್ಲಿಯ ಮುಖ್ಯಸ್ಥ. ನನ್ನ ಕೈ ಹಿಡಿದುಕೊಂಡು ದೀಪ ಹಚ್ಚಿಸಿದ.

ಭಾಷಣ ಶುರುವಾಗುವಷ್ಟರಲ್ಲಿ ಅರಕಲಗೂಡಿನಿಂದ ಫೋನ್ ಬಂತು. ಔಷಧಿ ಚೀಟಿಯ ಪ್ರಿಂಟರು ನಿಂತುಹೋಗಿದೆ, ಜನ ಇಂಗ್ಲಿಷ್ ಚೀಟಿ ಕೊಟ್ಟರೆ ತೆಗೆದುಕೊಳ್ಳದೆ ಕೂತಿದ್ದಾರೆ ಎಂದರು. ಯಶಸ್ವಿನಿಯನ್ನು ಕರೆದುಕೊಂಡು ಆಸ್ಪತ್ರೆಯ ಜೀಪು ಹತ್ತಿಬಿಟ್ಟೆ. ಅರ್ಧ ದಾರಿಯಲ್ಲಿ ಶರ್ವಾಣಿ ಫೋನ್ ಮಾಡಿದಳು. "ಬೇಜಾರಾಯ್ತಾ? ಅದಕ್ಕೇ ಎದ್ದು ಹೋದ್ರಾ? ಎಲ್ಲರೂ ಕೇಳ್ತಿದ್ದಾರೆ" ಎಂದಳು.

ಅವಳು ಕೇಳಿದ ಮೇಲೆ ನಾನೂ ಒಳಗೆ ಹುಡುಕಿ ನೋಡಿದೆ ಅಕ್ಕ. ಬೇಜಾರು ಇರಲಿಲ್ಲ. ಪ್ರಿಂಟರಿನ ಯೋಚನೆಯೊಂದೇ ಇತ್ತು.

ಇಲ್ಲ ಮಾರಾಯ್ತಿ, ನನಗೆ ಕೆಲಸವಿತ್ತು ಎಂದೆ.

ಮುರಳಿ